ವಿಮಾನವೂ ಹರಿಗೋಲೂ

ಬರಗಾಲದಲ್ಲಿ ಅನ್ನವನ್ನಿತ್ತವನ ಹೆಸರು ಜನರ ನಾಲಗೆಯ ಮೇಲೆ ಉಳಿಯುತ್ತದೆ. ಆ ಅನ್ನವನ್ನು ಹಸಿದವನ ಬಾಗಿಲಿಗೆ ಹೊತ್ತೊಯ್ದವನ ಹೆಸರು ಉಳಿಯುವುದಿಲ್ಲ. ಮಂಗಳವೇಢೆಯ ದಾಮಾಜಿಪಂತನು ಬಾದಶಹನ ಕಣಜವನ್ನು ತೆರೆದ ಕಥೆಯನ್ನು ಅನೇಕರು ಬಲ್ಲರು. ಆ ಧಾನ್ಯವನ್ನು ಹೇರಿಕೊಂಡು ಹೋದವರು ಯಾರೆಂದು ಯಾರೂ ಕೇಳಿದ್ದಿಲ್ಲ. ಆದರೆ ವಿಪತ್ತಿನ ಕಾಲದಲ್ಲಿ ಕಣಜವು ತುಂಬಿದ್ದರೂ ದಾರಿಯು ಕಡಿದುಹೋಗಿರುವುದುಂಟು. ಆಗ ದಾತನಷ್ಟೇ ವಾಹಕನೂ ಪೂಜ್ಯನು.

ಜಮಖಂಡಿಗೂ ರಬಕವಿ-ಬನಹಟ್ಟಿಗೂ ಬಡಗಲಲ್ಲಿ ಕೃಷ್ಣೆಯು ಹರಿಯುವಳು; ಮುಧೋಳದ ಮಗ್ಗುಲಲ್ಲಿ ಘಟಪ್ರಭೆಯು ಹರಿಯುವಳು. ಎರಡೂ ಹೊಳೆಗಳು ಬೀಳಗಿಯ ಸೀಮೆಯ ಚಿಕ್ಕಸಂಗಮದಲ್ಲಿ ಕೂಡುವವು. 1948ರ ವರೆಗೆ ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರ ಸಂಸ್ಥಾನ. ಬೀಳಗಿಯು ಇಂಗ್ಲಿಷರ ವಿಜಾಪುರ ಜಿಲ್ಲೆಗೆ ಸೇರಿದುದು. ಹೊಳೆಯು ಈ ಗಡಿಗಳನ್ನು ಎಂದೂ ಎಣಿಸಲಿಲ್ಲ. ಇಲ್ಲಿ ಬಿಸಿಲು ಕಾಯುತ್ತಿರುವಾಗಲೂ ಸಹ್ಯಾದ್ರಿಯಲ್ಲಿ ಮಳೆಯು ಸುರಿದರೆ ಸಾಕು, ಮಹಾಪೂರವು ಕಬ್ಬಿನ ಹೊಲಗಳ ಮೇಲೆ ಬಂದು ನಿಲ್ಲುವುದು. ನೇಕಾರನ ಕುಣಿಮಗ್ಗಕ್ಕೆ ನೀರು ನುಗ್ಗಿದರೆ ನೂಲೂ ಹೋಯಿತು, ಕೂಲಿಯೂ ಹೋಯಿತು.

2009ನೆಯ ಇಸವಿಯ ಸಪ್ಟಂಬರದ ಕಡೆಯಲ್ಲಿ ಮಾತ್ರ ಮಳೆಯು ಬಯಲು ಸೀಮೆಯ ಮೇಲೆಯೇ ಸುರಿಯಿತು. ಬರಕ್ಕೆ ಹೆಸರಾದ ಉತ್ತರ ಕರ್ನಾಟಕದಲ್ಲಿ ಕೆಲವೇ ದಿನಗಳೊಳಗೆ ಮಣ್ಣಿನ ಮನೆಗಳು ಕುಸಿದು, ಇನ್ನೂರಕ್ಕೂ ಹೆಚ್ಚು ಜನರು ಮಡಿದರು. 2019ರ ಆಗಸ್ಟದಲ್ಲಿ ಪಶ್ಚಿಮದ ನೀರು ಇಳಿದು ಬಂದಿತು. ಆಲಮಟ್ಟಿಯಿಂದ ಕ್ಷಣವೊಂದಕ್ಕೆ ಐದು ಲಕ್ಷ ಘನ ಅಡಿಗೂ ಮಿಕ್ಕಿ ನೀರನ್ನು ಬಿಡಬೇಕಾಯಿತು. ಘಟಪ್ರಭೆಯು ಮುಧೋಳದ ಸುತ್ತಣ ಊರುಗಳನ್ನು ಮುತ್ತಿತು. ಈ ಎರಡು ಸಲವೂ ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ಉತ್ತರ ಕರ್ನಾಟಕದಲ್ಲಿ ನೆರವಾದವು. ಸ್ವಂತ ವಿಮಾನವನ್ನಿಟ್ಟುಕೊಂಡು ಪರರ ಕಷ್ಟಕ್ಕೆ ಹಾರುವ ಗೃಹಸ್ಥರ ರೂಢಿಯು ಈ ನಾಡಿನಲ್ಲಿ ಬೆಳೆದಿಲ್ಲ.

ಅಂಥ ರೂಢಿಯು ಬೆಳೆದಿರುವುದು ಅಮೇರಿಕಾ ಖಂಡದಲ್ಲಿ. 2010ನೆಯ ಜನವರಿ 12ರ ಸಂಜೆ ಹೈಟಿ ದ್ವೀಪರಾಜ್ಯವು ಭೂಕಂಪದಿಂದ ನಡುಗಿತು. ರಾಜಧಾನಿಯಾದ ಪೋರ್ಟ್-ಓ-ಪ್ರಿನ್ಸಿನ ವಿಮಾನನಿಲ್ದಾಣಕ್ಕೆ ಇದ್ದುದು ಒಂದೇ ಓಡುದಾರಿ. ನಿಯಂತ್ರಣದ ಗೋಪುರವೂ ಜಖಂಗೊಂಡಿದ್ದಿತು. ಲೋಕದ ನಾನಾ ದೇಶಗಳ ದೊಡ್ಡ ವಿಮಾನಗಳೆಲ್ಲ ಆ ಒಂದೇ ಬಾಗಿಲಿನಲ್ಲಿ ಇಕ್ಕಟ್ಟಾದವು. ತೆಂಕಣ ಕರಾವಳಿಯ ಜಕ್ಮೆಲ್ ಪಟ್ಟಣಕ್ಕೆ ಹೋಗುವ ಬೆಟ್ಟದ ಹಾದಿಯು ಮುಚ್ಚಿಹೋಗಿತ್ತು. ಆಗ ಫ್ಲೋರಿಡಾ ಮತ್ತು ಬಹಾಮಾ ದ್ವೀಪಗಳಿಂದ ಖಾಸಗಿ ವಿಮಾನಿಕರು ತಮ್ಮ ಚಿಕ್ಕ ವಿಮಾನಗಳಲ್ಲಿ ಔಷಧ, ಆಹಾರ, ವೈದ್ಯರನ್ನು ಕೂಡಿಸಿಕೊಂಡು ಹೊರಟು, ಜಕ್ಮೆಲ್ಲಿನಂಥ ಕಿರಿಯ ನೆಲೆಗಳಲ್ಲಿ ಇಳಿದರು. ಒಂದೊಂದು ವಿಮಾನವು ಹೊರುತ್ತಿದ್ದುದು ಕೆಲವೇ ಚೀಲಗಳನ್ನು. ಆದರೆ ಹಿರಿದಾದುದು ಇಳಿಯಲಾರದಲ್ಲಿ ಅದು ಇಳಿಯಿತು. 2024ರ ಸಪ್ಟಂಬರದಲ್ಲಿ ಹೆಲೀನ್ ಎಂಬ ಚಂಡಮಾರುತವು ಉತ್ತರ ಕೆರೊಲಿನಾದ ಬೆಟ್ಟಗಳ ರಸ್ತೆಗಳನ್ನು ಕೊಚ್ಚಿಹಾಕಿದಾಗಲೂ ಹೀಗೆಯೇ ನಡೆಯಿತು. ವಿಮಾನವು ಇಳಿದ ಮೇಲೂ ದಾರಿಯು ಉಳಿದ ಕಡೆಗಳಿಗೆ ಹೇಸರಗತ್ತೆಗಳ ಬೆನ್ನ ಮೇಲೆ ಸಾಮಾನು ಸಾಗಿತು. ಅತ್ಯಂತ ನವೀನವಾದ ವಾಹನವೂ ಅತ್ಯಂತ ಪುರಾತನವಾದ ವಾಹನವೂ ಒಂದೇ ಕಾರ್ಯದಲ್ಲಿ ಜೊತೆಗೂಡಿದವು.

ಇದರಿಂದ ವಾಚಕರು ಗ್ರಹಿಸಬೇಕಾದುದಿಷ್ಟು. ಸರಕಾರದ ಬಲವು ದೊಡ್ಡದು. ದೊಡ್ಡದಾದುದರಿಂದಲೇ ಅದಕ್ಕೆ ಹೆದ್ದಾರಿಯೂ ಸಮಯವೂ ಬೇಕು. ಕಡೆಯ ಹರದಾರಿಯನ್ನು ಸಾಗಿಸುವವನು ಸ್ಥಳವನ್ನು ಬಲ್ಲ ಚಿಕ್ಕವನೇ. ಅವನ ಚಿಕ್ಕ ವಿಮಾನವು ಕೃಷ್ಣಾತೀರದಲ್ಲಿ ಹರಿಗೋಲೆಂಬ ಹೆಸರನ್ನು ತಾಳಿದೆ. ಯಾವ ಸುಳಿಯನ್ನು ತಪ್ಪಿಸಬೇಕು, ಯಾವ ದಿಬ್ಬವು ಇನ್ನೂ ಮುಳುಗಿಲ್ಲ ಎಂಬುದನ್ನು ಮೇಲಿನಿಂದ ಬಂದವನಿಗಿಂತ ಹುಟ್ಟು ಹಾಕುವವನು ಚೆನ್ನಾಗಿ ಬಲ್ಲನು. ಹೊಳೆಗೆ ಸೇತುವೆಗಳಾದಂತೆ ಹರಿಗೋಲುಗಳು ದಡವೇರಿದವು. ಅವುಗಳೊಂದಿಗೆ ಆ ವಿದ್ಯೆಯೂ ದಡವೇರುತ್ತಲಿದೆ. ಸೇತುವೆಯು ಮುಳುಗಿದ ದಿನ ಅದನ್ನು ಯಾರಿಂದ ಕಲಿಯುವುದು?

ತಾವಾಗಿ ಕೈಗೂಡಿಸುವ ಗುಣವು ಇಲ್ಲಿಯವರಿಗೆ ಹೊಸದಲ್ಲ. ಬೇಸಗೆಯಲ್ಲಿ ಬತ್ತುವ ಕೃಷ್ಣೆಗೆ ಜಮಖಂಡಿಯ ಸೀಮೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ತಮ್ಮ ಹಣವನ್ನೂ ಮೈಬೆವರನ್ನೂ ಸುರಿದು, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಒಡ್ಡನ್ನು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಅನ್ವರ್ಥ ನಾಮವಾಯಿತು. ನೀರಿಲ್ಲದ ಕಷ್ಟಕ್ಕೆ ಒಂದಾದ ಕೈಗಳು ನೀರು ಹೆಚ್ಚಾದ ಕಷ್ಟಕ್ಕೂ ಒಂದಾಗಬಲ್ಲವು. ಹೊಳೆಸಾಲಿನ ಪ್ರತಿಯೊಂದು ಗ್ರಾಮದಲ್ಲಿ ಎರಡು ಹರಿಗೋಲುಗಳು, ಅವನ್ನು ನಡೆಸಬಲ್ಲ ನಾಲ್ವರು ತರುಣರು, ಮುದುಕರೂ ಬಾಣಂತಿಯರೂ ಇರುವ ಮನೆಗಳ ಒಂದು ಯಾದಿ — ಇಷ್ಟು ಸಿದ್ಧವಿದ್ದರೆ ಮಹಾಪೂರವು ಬಂದಾಗ ಆಕಾಶವನ್ನೇ ನೋಡುತ್ತ ಕೂಡುವ ಕಾರಣವಿಲ್ಲ. ಈ ಸಿದ್ಧತೆಯನ್ನು ಹೊಳೆಯು ತುಂಬಿದ ಮೇಲಲ್ಲ, ಚೈತ್ರ ವೈಶಾಖಗಳಲ್ಲಿ, ಅದು ಮಣಕಾಲುದ್ದ ಹರಿಯುತ್ತಿರುವಾಗಲೇ ಮಾಡತಕ್ಕದ್ದು.