ತೋಟಾದ ಕೊಬ್ಬು, ಚೊಂಬಿನ ನೀರು

1857 ಅಂದ ಕೂಡಲೇ ನಮ್ಮ ಶಾಲೆಗಳ ಮಕ್ಕಳು ಒಂದೇ ಉಸಿರಿಗೆ ಹೇಳುವ ಉತ್ತರ ಒಂದಿದೆ: ದನದ ಕೊಬ್ಬು, ಹಂದಿಯ ಕೊಬ್ಬು ಸವರಿದ ತೋಟಾ. ನಾವೂ ಹಾಗೇ ಬಾಯಿಪಾಠ ಮಾಡಿದವರು. 'ತಕ್ಷಣದ ಕಾರಣ' ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು. ಬರೆದರೆ ಎರಡು ಅಂಕ. ಆದರೆ ಆ ಕೊಬ್ಬಿನ ಸುದ್ದಿ ಸಿಪಾಯಿಯ ಕಿವಿಗೆ ಯಾರ ಬಾಯಿಂದ ಬಿತ್ತು, ಯಾಕೆ ಬಿತ್ತು ಅನ್ನೋದನ್ನ ಯಾವ ಮೇಷ್ಟ್ರೂ ಹೇಳಲಿಲ್ಲ. ಅದೇ ಶಾಲೆಯಲ್ಲಿ ನಮಗೆ ನೀರನ್ನ ಮೇಲಿಂದ ಹೊಯ್ಯುತ್ತಿದ್ದರು. ಬೊಗಸೆ ಒಡ್ಡಿ ಕುಡಿದು, ಬಾಯಿ ಒರೆಸಿಕೊಂಡು ಬಂದು ಸಿಪಾಯಿ ದಂಗೆಯ ಪಾಠಕ್ಕೆ ಕೂರುತ್ತಿದ್ದೆವು. ಆ ನೀರಿಗೂ ಈ ಪಾಠಕ್ಕೂ ಸಂಬಂಧ ಇದೆ ಅಂತ ತಿಳಿಯೋದಕ್ಕೆ ನಮಗೆ ಬಹಳ ವರ್ಷ ಹಿಡಿಯಿತು.

ಮೊದಲು ತೋಟಾಕ್ಕೆ ಕೊಬ್ಬು ಯಾಕೆ ಬೇಕಾಯಿತು ಅನ್ನೋದನ್ನ ನೋಡೋಣ. ಅದುವರೆಗೆ ಸಿಪಾಯಿಗಳ ಕೈಲಿದ್ದದ್ದು ನುಣುಪು ನಳಿಗೆಯ ಬಂದೂಕು. ಇಂಗ್ಲೆಂಡಿನ ಸೈನ್ಯ 1853ರಲ್ಲಿ ಎನ್‌ಫೀಲ್ಡ್ ರೈಫಲ್ ಅನ್ನು ಆಯ್ದುಕೊಂಡಿತು. ಅದರ ನಳಿಗೆಯ ಒಳ ಅಗಲ 0.577 ಅಂಗುಲ. ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿದ್ದವು. ಗುಂಡು ಆ ಗೀರುಗಳಿಗೆ ಸಿಕ್ಕಿ ತಿರುಗುತ್ತಾ ಹೋಗುವುದರಿಂದ ಗುರಿ ದೂರಕ್ಕೂ ತಪ್ಪುತ್ತಿರಲಿಲ್ಲ. ಆದರೆ ಆ ಕಾಲದ ಕರಿಮದ್ದು ಉರಿದ ಮೇಲೆ ನಳಿಗೆಯೊಳಗೆ ಗಟ್ಟಿ ಮಸಿ ಕಟ್ಟುತ್ತಿತ್ತು. ಹಲವು ಗುಂಡು ಹಾರಿಸಿದ ಮೇಲೆ ಮುಂದಿನ ಗುಂಡು ಬಾಯಿಂದ ಕೆಳಗಿಳಿಯದೆ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ತೋಟಾದ ಕಾಗದಕ್ಕೆ, ಗುಂಡಿರುವ ತುದಿಗೆ, ಕೊಬ್ಬು ಮತ್ತು ಜೇನುಮೇಣ ಬೆರೆಸಿದ ಜಿಡ್ಡು ಹಚ್ಚುತ್ತಿದ್ದರು. ಸಿಪಾಯಿ ತೋಟಾದ ಇನ್ನೊಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಜಿಡ್ಡಿನ ಕಾಗದದೊಂದಿಗೇ ಗುಂಡನ್ನು ಒಳಗಿಟ್ಟು ಸಲಾಕೆಯಿಂದ ಜಡಿಯಬೇಕು. ತೋಟಾಕ್ಕೆ ಜಿಡ್ಡು ಬೇಕಾಗುವುದು ಅಲ್ಲಿಗೇ ಮುಗಿದ ಕತೆಯೂ ಅಲ್ಲ. ಹಾರಿಸಿದ ಹಿತ್ತಾಳೆ ತೋಟಾವನ್ನು ಮತ್ತೆ ತುಂಬುವವರು ಇವತ್ತೂ ಅದನ್ನು ಅಚ್ಚಿಗೆ ಒತ್ತುವ ಮೊದಲು ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡನ್ನು ಸಿಂಪಡಿಸುತ್ತಾರೆ. ಇದು ಕಬ್ಬಿಣ, ಹಿತ್ತಾಳೆಯ ಕೆಲಸ. ಅದಕ್ಕೆ ಜಾತಿ ಗೊತ್ತಿಲ್ಲ.

ಆದರೆ ಆಳುವವರಿಗೆ ಗೊತ್ತಿತ್ತು. ಎನ್‌ಫೀಲ್ಡ್ ತೋಟಾಗಳು ಈ ದೇಶದ ಹವೆಗೆ ತಡೆಯುತ್ತವೆಯೇ ಅಂತ ಪರೀಕ್ಷೆ ಮಾಡಲು 1853ರಲ್ಲೇ ಒಂದಷ್ಟನ್ನು ಇಲ್ಲಿಗೆ ಕಳಿಸಿದ್ದರು. ಜಿಡ್ಡಿನಲ್ಲಿ ಜಾತಿಗೆ ಅಡ್ಡಿಯಾಗುವಂಥದ್ದು ಇಲ್ಲ ಅಂತ ಖಚಿತವಾಗದೆ ಇವನ್ನು ದೇಶೀ ಸಿಪಾಯಿಗಳಿಗೆ ಕೊಡಬೇಡಿ ಅಂತ ಬಂಗಾಳ ಸೈನ್ಯದ ಕರ್ನಲ್ ಟಕ್ಕರ್ ಅದೇ ವರ್ಷ ಎಚ್ಚರಿಕೆ ಬರೆದ. ಆ ಕಾಗದ ಕಡತದಲ್ಲಿ ಮಲಗಿತು. ಕಲ್ಕತ್ತೆಯಲ್ಲಿ ತೋಟಾ ತಯಾರಿಸಲು ಕೊಬ್ಬು ಪೂರೈಸಿದ್ದು ಗುತ್ತಿಗೆದಾರ. ಅದು ಯಾವ ಪ್ರಾಣಿಯದು ಅಂತ ವಿಶೇಷವಾಗಿ ಯಾರೂ ನೋಡಿರಲಿಲ್ಲ ಅನ್ನೋದನ್ನ ಮದ್ದುಗುಂಡು ಇಲಾಖೆಯ ಮುಖ್ಯಸ್ಥನೇ 1857ರ ಜನವರಿ ಕೊನೆಗೆ ಒಪ್ಪಿಕೊಳ್ಳಬೇಕಾಯಿತು. ಸಿಪಾಯಿಗಳ ಅನುಮಾನ ಬರೀ ಗಾಳಿಮಾತಲ್ಲ. ಅದನ್ನ ನಾವು ಅಲ್ಲಗಳೆಯೋದಿಲ್ಲ. ಕಂಪನಿ ಸರ್ಕಾರದ ಅಹಂಕಾರವನ್ನ ಕ್ಷಮಿಸೋದೂ ಇಲ್ಲ.

ಈಗ ಚೊಂಬಿನ ಮಾತಿಗೆ ಬರೋಣ. ಕಲ್ಕತ್ತೆಯ ಹತ್ತಿರ ದಮ್‌ದಮ್‌ನಲ್ಲಿ ಮದ್ದುಗುಂಡಿನ ಕಾರ್ಖಾನೆ ಇತ್ತು. ಹೊಸ ರೈಫಲ್ ಕಲಿಸುವ ಶಿಬಿರವೂ ಅಲ್ಲೇ ಇತ್ತು. ಅಲ್ಲಿ ಕೆಲಸಕ್ಕಿದ್ದ ಕೆಳಜಾತಿಯ ಖಲಾಸಿಯೊಬ್ಬ ಒಬ್ಬ ಬ್ರಾಹ್ಮಣ ಸಿಪಾಯಿಯನ್ನ, ನಿನ್ನ ಚೊಂಬಿನಿಂದ ಒಂದಿಷ್ಟು ನೀರು ಕೊಡಪ್ಪಾ ಅಂತ ಕೇಳಿದ. ಸಿಪಾಯಿ ಜಾತಿಯ ಮಾತೆತ್ತಿ ಕೊಡಲಿಲ್ಲ. ಆಗ ಖಲಾಸಿ, ಇನ್ನೆಷ್ಟು ದಿನ ಇರುತ್ತೆ ನಿನ್ನ ಜಾತಿ, ದನದ ಕೊಬ್ಬು ಹಂದಿಯ ಕೊಬ್ಬು ಹಚ್ಚಿದ ತೋಟಾ ಕಚ್ಚೋದಕ್ಕೆ ಹೊರಟವನು ನೀನು ಅಂದ. ಶಿಬಿರದ ಅಧಿಕಾರಿ ರೈಟ್ 1857ರ ಜನವರಿ 22ರಂದು ಈ ಸುದ್ದಿಯನ್ನ ಮೇಲಿನವರಿಗೆ ಬರೆದ. ಜಾನ್ ಕೇಯ್ 1864ರಲ್ಲಿ ಹೊರತಂದ ತನ್ನ ಚರಿತ್ರೆಯಲ್ಲಿ ಇದನ್ನೇ ಹೇಳಿದ. ಕವಾಯತಿನಲ್ಲಿ ದೂರು ಇದ್ದವರು ಮುಂದೆ ಬನ್ನಿ ಅಂದಾಗ ಹೆಚ್ಚಿನ ಸಿಪಾಯಿಗಳು ಮುಂದೆ ಬಂದು, ಕೊಬ್ಬಿನ ಬದಲು ಮೇಣ ಮತ್ತು ಎಣ್ಣೆ ಹಚ್ಚಿ ಅಂದರು.

ಅವರ ಮಾತಿಗೆ ಬೆಲೆ ಬಂತು. ಜನವರಿ 27ರ ಆದೇಶದಂತೆ ಜಿಡ್ಡಿಲ್ಲದ ತೋಟಾ ಕೊಟ್ಟು, ಬೇಕಾದ ಜಿಡ್ಡನ್ನ ಸಿಪಾಯಿಗಳೇ ಹಚ್ಚಿಕೊಳ್ಳಲಿ ಅಂದರು. ಮುಂದೆ ಹಲ್ಲಿನಿಂದ ಕಚ್ಚುವುದೂ ಬೇಡ, ಕೈಯಿಂದ ಹರಿಯಿರಿ ಅಂತ ಕವಾಯತನ್ನೇ ಬದಲಿಸಿದರು. ಅಷ್ಟು ಹೊತ್ತಿಗೆ ನಂಬಿಕೆ ಕೆಟ್ಟುಹೋಗಿತ್ತು. ಕಾಗದದ ಹೊಳಪಿನಲ್ಲೂ ಕೊಬ್ಬು ಕಾಣತೊಡಗಿತ್ತು. ಫೆಬ್ರವರಿ 26ರಂದು ಬೆಹ್ರಾಂಪುರದ 19ನೇ ಪಡೆ ತೋಟಾ ಮುಟ್ಟಲಿಲ್ಲ. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಬಂದೂಕು ಎತ್ತಿದ. ಏಪ್ರಿಲ್ 8ರಂದು ಗಲ್ಲಿಗೇರಿದ. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ತೋಟಾ ಬೇಡ ಅಂದರು. ಅವರ ಮುಂದಿದ್ದದ್ದು ಎನ್‌ಫೀಲ್ಡ್ ತೋಟಾವೇ ಅಲ್ಲ, ಹಳೆಯ ತೋಟಾ. ಮೇ 9ರಂದು ಅವರ ಕಾಲಿಗೆ ಬೇಡಿ ಬಿತ್ತು. ಮೇ 10ರಂದು ಮೀರತ್ ಎದ್ದಿತು. ಇಷ್ಟು ನಮ್ಮ ಪಠ್ಯದಲ್ಲಿದೆ. ನೀರು ಕೇಳಿದವನು ಮಾತ್ರ ಇಲ್ಲ.

ಗೆಳೆಯರೇ, ಸ್ವಲ್ಪ ಯೋಚಿಸಿ. ಕಚ್ಚುವ ತುದಿ ಬೇರೆ, ಕೊಬ್ಬಿನ ತುದಿ ಬೇರೆ. ಆದರೂ ಸಿಪಾಯಿ ಹೆದರಿದ. ಯಾಕೆ? ಮೈಲಿಗೆ ಅನ್ನೋದು ಒಂದು ತುದಿಯಲ್ಲಿ ನಿಲ್ಲೋದಿಲ್ಲ, ತಾಗಿದಲ್ಲೆಲ್ಲ ಹರಿಯುತ್ತೆ ಅಂತ ಅವನಿಗೆ ತಲೆತಲಾಂತರದಿಂದ ಕಲಿಸಿದ್ದರು. ಖಲಾಸಿಯ ತುಟಿ ಚೊಂಬಿಗೆ ತಾಗೀತು ಅಂತ ಹೆದರಿದ್ದೂ ಅದೇ ಪಾಠದಿಂದ. ತೋಟಾದ ಹೆದರಿಕೆ, ಚೊಂಬಿನ ಹೆದರಿಕೆ ಎರಡೂ ಒಂದೇ. ಮೊದಲನೆಯದನ್ನ ಧರ್ಮದ ಮೇಲಿನ ದಾಳಿ ಅಂತ ಚರಿತ್ರೆ ಬರೆಯಿತು. ಎರಡನೆಯದನ್ನ ಪದ್ಧತಿ ಅಂತ ಬಿಟ್ಟಿತು. ಇನ್ನೊಂದು ಮಾತು. ಕೊಬ್ಬು ಗಿಡದಲ್ಲಿ ಬಿಡೋದಿಲ್ಲ. ದನ ಸುಲಿಯೋ ಕೈ, ಚರ್ಮ ಹದ ಮಾಡೋ ಕೈ, ಕೊಬ್ಬು ಕಾಯಿಸೋ ಕೈ ಅಂತ ಇರಬೇಕಲ್ಲ. ಸಿಪಾಯಿಯ ಸೊಂಟದ ಪಟ್ಟಿ, ಬಗಲಿನ ತೋಟಾ ಚೀಲ ಚರ್ಮದ್ದೇ. ಅದು ಮೈಮೇಲೆ ಇದ್ದರೆ ನಡೆಯುತ್ತೆ, ಅದನ್ನ ಮಾಡಿದವನು ಹತ್ತಿರ ಬಂದರೆ ನಡೆಯೋದಿಲ್ಲ. ನಮ್ಮ ಊರುಗಳಲ್ಲಿ ಚಪ್ಪಲಿ ಹೊಲಿದವನನ್ನ ಹೊಸ್ತಿಲಾಚೆ ನಿಲ್ಲಿಸಿದ್ದೂ ಹೀಗೇ.

ಹಾಗಾದರೆ ಕಂಪನಿ ಸರ್ಕಾರ ಜಾತಿ ಅಳಿಸೋದಕ್ಕೆ ಹೊರಟಿತ್ತೇ? ಖಲಾಸಿ ಹಾಗೆ ತಿಳಿದು ಅಣಕಿಸಿದ. ಅದು ನಿಜವಲ್ಲ ಅನ್ನೋದಕ್ಕೆ ನಮ್ಮ ಧಾರವಾಡವೇ ಸಾಕ್ಷಿ. 1856ರ ಜೂನ್‌ನಲ್ಲಿ ಮಹಾರ್ ಹುಡುಗನೊಬ್ಬ, ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲ ಅಂತ ಮುಂಬಯಿ ಸರ್ಕಾರಕ್ಕೆ ಅರ್ಜಿ ಕೊಟ್ಟ. ನ್ಯಾಯ ಹುಡುಗನ ಕಡೆ ಇದೆ ಅಂತ ಒಪ್ಪಿದ ಸರ್ಕಾರವೇ, ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರು ಅಂತ ಹೆದರಿ ಜುಲೈ 21ರಂದು ಬಾಗಿಲು ಹಾಕಿತು. ಕಡತ ಕಲ್ಕತ್ತೆಗೆ ಹೋಯಿತು. 1857ರ ಜನವರಿ 23ರಂದು ಗವರ್ನರ್ ಜನರಲ್ ಕಡೆಯಿಂದ ಉತ್ತರ ಬಂತು: ಮುಂಬಯಿಯವರು ಮಾಡಿದ್ದು ಬಹುಶಃ ವಿವೇಕದ್ದೇ, ಆದರೆ ಬಂಗಾಳದ ಸರ್ಕಾರಿ ಶಾಲೆಗಳಲ್ಲಾಗಿದ್ದರೆ ಆ ಹುಡುಗನನ್ನ ಹೊರಗಿಡುತ್ತಿರಲಿಲ್ಲ ಅಂತ. ದಿನಾಂಕ ನೋಡಿ. ದಮ್‌ದಮ್‌ನಿಂದ ರೈಟ್ ವರದಿ ಬರೆದ ಮಾರನೆಯ ದಿನ! ಒಂದೇ ವಾರದಲ್ಲಿ ಕಲ್ಕತ್ತೆಯ ಅಧಿಕಾರಿಗಳ ಮುಂದೆ ಎರಡು ಸಂಗತಿ ಇದ್ದವು. ಮೇಲ್ಜಾತಿಯ ಸಿಪಾಯಿಯ ಬಾಯಿ ಕೆಡದಂತೆ ಐದೇ ದಿನದಲ್ಲಿ ಆದೇಶ ಹೊರಟಿತು. ಮಹಾರ್ ಹುಡುಗನ ಅರ್ಜಿಗೆ ಏಳು ತಿಂಗಳಾದ ಮೇಲೆ ಬಂದದ್ದು ಒಂದು ಸಮಾಧಾನದ ಮಾತು. ಬಂಡೆದ್ದ ಪಡೆಗಳನ್ನು ಕಂಪನಿ ಬಹುಮಟ್ಟಿಗೆ ಜಾತಿ ನೋಡಿಯೇ, ಅವಧ್ ಮತ್ತು ಬಿಹಾರದ ಬ್ರಾಹ್ಮಣ, ರಜಪೂತರಿಂದ ಕಟ್ಟಿತ್ತು ಅನ್ನೋದನ್ನೂ ನೆನಪಿಡಬೇಕು.

ದಂಗೆ ಮುಗಿದ ಮೇಲೆ ಆಳುವವರು ಕಲಿತ ಪಾಠ ಏನು? ಲಂಡನ್ನಿನ ಡೈರೆಕ್ಟರುಗಳು 1858ರ ಏಪ್ರಿಲ್ 28ರ ಪತ್ರದಲ್ಲಿ ಸರ್ಕಾರಿ ಶಾಲೆ ಎಲ್ಲರಿಗೂ ತೆರೆದದ್ದು ಅಂದರು. 1858ರ ನವೆಂಬರ್ 1ರ ಘೋಷಣೆಯಲ್ಲಿ ವಿಕ್ಟೋರಿಯಾ ರಾಣಿ, ನಿಮ್ಮ ಧರ್ಮಕ್ಕೆ ಕೈ ಹಾಕೋದಿಲ್ಲ ಅಂದಳು. ಮೊದಲ ಮಾತು ಬಹಳ ಕಾಲ ಕಾಗದದಲ್ಲೇ ಉಳಿಯಿತು. ಎರಡನೆಯದು ನಡೆಯಿತು. ಧರ್ಮಕ್ಕೆ ಕೈ ಹಾಕೋದಿಲ್ಲ ಅಂದರೆ ಕೆರೆ, ಬಾವಿ, ದೇವಸ್ಥಾನ, ಶಾಲೆಯ ಬಾಗಿಲು ಇದ್ದಂತೆಯೇ ಇರಲಿ ಅಂತ ಮೇಲ್ಜಾತಿಗಳು ಅರ್ಥ ಮಾಡಿಕೊಂಡವು. ಸೈನ್ಯದಲ್ಲೂ ಜಾತಿ ನೋಡಿ ತುಕಡಿ ಕಟ್ಟುವುದು ಗಟ್ಟಿಯಾಯಿತು. 1818ರಲ್ಲಿ ಕೋರೆಗಾಂವ್‌ನಲ್ಲಿ ಕಾದಿದ ಮಹಾರರಿಗೆ 1890ರ ದಶಕದ ಆರಂಭದಲ್ಲಿ ಭರ್ತಿಯ ಬಾಗಿಲೇ ಮುಚ್ಚಿತು. ಸುಬೇದಾರ್ ರಾಮ್‌ಜಿಯ ಮಗ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂತು, ಜವಾನ ಮೇಲಿಂದ ನೀರು ಹೊಯ್ದರೆ ಮಾತ್ರ ಕುಡಿದು ಬೆಳೆದರು. ಆ ಮಗನೇ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. 1928ರಲ್ಲಿ ಸೈಮನ್ ಆಯೋಗದ ಮುಂದೆ ಇಟ್ಟ ಹೇಳಿಕೆಯಲ್ಲಿ ಧಾರವಾಡದ ಆ ಹುಡುಗನ ಅರ್ಜಿಯನ್ನ ಹೊರತೆಗೆದವರೂ ಬಾಬಾಸಾಹೇಬರೇ.

ದಮ್‌ದಮ್‌ನ ಆ ಖಲಾಸಿಗೆ ಸರ್ಕಾರಿ ದಾಖಲೆಯಲ್ಲಿ ಹೆಸರಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಉತ್ತರ ಭಾರತದ ದಲಿತರು ತಮ್ಮ ಪುಸ್ತಿಕೆಗಳಲ್ಲಿ, ನಾಟಕಗಳಲ್ಲಿ ಅವನಿಗೆ ಮಾತಾದೀನ್ ಅಂತ ಹೆಸರಿಟ್ಟರು. 1857ರ ಮೊದಲ ಕಿಡಿ ಅವನೇ ಅಂದರು. ಹೆಸರು ದಾಖಲೆಯದ್ದಲ್ಲ, ಜನ ಇಟ್ಟದ್ದು. ಅದನ್ನ ಮುಚ್ಚಿಡಬೇಕಾಗಿಲ್ಲ. ದಾಖಲೆ ಬರೆದವರು ಸಿಪಾಯಿಗಳ ಹೆಸರು ಬರೆದುಕೊಂಡರು, ಸುಬೇದಾರರ ಹೆಸರು ಬರೆದುಕೊಂಡರು. ನೀರು ಕೇಳಿದವನ ಹೆಸರು ಕೇಳಬೇಕು ಅಂತ ಅವರಿಗೆ ಅನ್ನಿಸಲಿಲ್ಲ. ಬಿಟ್ಟುಹೋದ ಜಾಗವನ್ನ ಜನ ತುಂಬಿದರು.

ಅವನನ್ನ ಹುತಾತ್ಮ ಮಾಡಿ ಪಟ ತೂಗುಹಾಕೋದು ನಮ್ಮ ಉದ್ದೇಶವಲ್ಲ. ಅವನು ದಂಗೆ ಎಬ್ಬಿಸೋದಕ್ಕೆ ಹೋದವನಲ್ಲ. ಬಾಯಾರಿತ್ತು, ನೀರು ಕೇಳಿದ. ಕೊಡದೆ ಹೋದಾಗ ಸಿಟ್ಟಿಗೆ ತಾನು ಕೇಳಿದ್ದನ್ನ ಆಡಿದ. ಅಷ್ಟೇ. ಆದರೆ ಆ ಸಿಟ್ಟು ನಮ್ಮ ಕೇರಿಗಳಿಗೆ ಚೆನ್ನಾಗಿ ಗೊತ್ತಿರೋ ಸಿಟ್ಟು. ಪರಕೀಯನ ಕೊಬ್ಬನ್ನ ಬಾಯಿಗೆ ಮುಟ್ಟಿಸೋದಿಲ್ಲ ಅಂತ ಎದ್ದವರು, ತಮ್ಮ ಪಕ್ಕದ ಮನುಷ್ಯನಿಗೆ ನೀರು ಕೊಟ್ಟು ಎದ್ದಿದ್ದರೆ ಅದು ಬೇರೆಯೇ ಬಂಡಾಯ ಆಗುತ್ತಿತ್ತು.

ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡೋ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. 1857ರ ಪಾಠ ಬಂದಾಗ ತೋಟಾದ ಉತ್ತರ ಬರೆಸಿ, ಪರೀಕ್ಷೆಗೆ ಅದು ಬೇಕು. ಆಮೇಲೆ ಪುಸ್ತಕ ಮುಚ್ಚಿಸಿ, ನೀರು ಕೇಳಿದವನ ಕತೆ ಹೇಳಿ. ಧಾರವಾಡದ ಹುಡುಗನ ಕತೆಯನ್ನೂ ಹೇಳಿ. ಕೊನೆಗೆ ತರಗತಿಯ ಹೊರಗಿಟ್ಟ ಕೊಡದ ಕಡೆ ಮಕ್ಕಳನ್ನ ಕಳಿಸಿ, ಯಾರು ಯಾರು ಲೋಟ ಮುಳುಗಿಸುತ್ತಾರೆ, ಯಾರು ಬೊಗಸೆ ಒಡ್ಡಿ ನಿಲ್ಲುತ್ತಾರೆ ಅಂತ ನೋಡಿ. ಅಲ್ಲಿ ಒಂದು ಮಗು ಬೊಗಸೆ ಒಡ್ಡಿ ನಿಂತಿದ್ದರೂ ಪಾಠ ಇನ್ನೂ ಮುಗಿದಿಲ್ಲ.