ಒಂದೇ ಮನೆಯ ಮೂರು ಪೆಟ್ಟಿಗೆಗಳು

ಅಮ್ಮನಿಗೆ ಈಚೆಗೆ ಕಿವಿ ಮಂದ. ಟೀವಿಯ ಮಾತು ಕೇಳಿಸಲೆಂದು ಮಗ ಕಳೆದ ದೀಪಾವಳಿಗೆ ಉದ್ದನೆಯ ಸೌಂಡ್‌ಬಾರ್ ಕಳಿಸಿದ. ತಂತಿ ಸಿಕ್ಕಿಸಿದ್ದಾಯಿತು. ಆದರೆ ದನಿ ಮಾತ್ರ ಟೀವಿಯಿಂದಲೇ ಬಂತು. ಮೂರು ರಿಮೋಟುಗಳನ್ನು ಮಡಿಲಲ್ಲಿಟ್ಟುಕೊಂಡು ನಾನು ಒತ್ತಿದ್ದೇ ಒತ್ತಿದ್ದು. "ಬಿಡೇ, ನನಗೆ ಕೇಳದಿದ್ದರೆ ಏನು ಮುಳುಗಿಹೋಗುತ್ತದೆ" ಎಂದು ಅಮ್ಮ ಎದ್ದು ಕೋಣೆಗೆ ಹೋದರು. ಆ ಮಾತು ಮನಸ್ಸಿಗೆ ನಾಟಿತು.

ಆಗ ಎಂಬತ್ತರ ದಶಕದ ಒಂದು ಸಂಜೆ ನೆನಪಾಯಿತು. ನಮ್ಮ ವಠಾರದ ಒಬ್ಬರ ಮನೆಗೆ ಅಮೆರಿಕದ ನೆಂಟರು ವಿಸಿಆರ್ ತಂದಿದ್ದರು. ನಾವೆಲ್ಲ ಚಾಪೆ ಹಾಸಿಕೊಂಡು ಕುಳಿತೆವು. ಪರದೆಯ ಮೇಲೆ ಚಿತ್ರ ಉರುಳುತ್ತಲೇ ಇತ್ತು, ಬಣ್ಣವೂ ಇರಲಿಲ್ಲ. ಯಂತ್ರ ಕೆಟ್ಟಿದೆಯೆಂದು ಎಲ್ಲರೂ ಎದ್ದುಹೋದರು. ಅದು ಕೆಟ್ಟಿರಲಿಲ್ಲ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಚಿತ್ರಕ್ಕೆ 525 ಗೆರೆ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಕಂಡ ನಮ್ಮ ದೂರದರ್ಶನದ್ದು ಜರ್ಮನಿಯಲ್ಲಿ ಹುಟ್ಟಿದ ಪಾಲ್ ಪದ್ಧತಿ, 625 ಗೆರೆ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು.

ಕ್ಯಾಸೆಟ್ಟುಗಳಲ್ಲೂ ಇದೇ ಜಗಳ. ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸ್ ತಂದರೆ, ಮರುವರ್ಷ ಜೆವಿಸಿ ವಿಎಚ್‌ಎಸ್ ತಂದಿತು. ಒಂದರ ಕ್ಯಾಸೆಟ್ಟು ಇನ್ನೊಂದರೊಳಗೆ ಹೋಗದು. ಕೊನೆಗೆ ವಿಎಚ್‌ಎಸ್ ಗೆದ್ದಿತು. ಬೀಟಾಮ್ಯಾಕ್ಸ್ ಕೊಂಡವರ ಕಪಾಟಿನಲ್ಲಿ ಮದುವೆ, ನಾಮಕರಣಗಳು ಮುಚ್ಚಿಕೊಂಡು ಉಳಿದವು.

ಎಲ್ಲವನ್ನೂ ಒಂದೇ ತಂತಿಯಲ್ಲಿ ಕಟ್ಟುವ ಆಸೆ ಹಳೆಯದೇ. ಫ್ರೆಂಚರು ಸ್ಕಾರ್ಟ್ ಎಂಬ 21 ಕಡ್ಡಿಗಳ ಪ್ಲಗ್ಗನ್ನು ಎಪ್ಪತ್ತರ ದಶಕದಲ್ಲೇ ರೂಪಿಸಿದ್ದರು. ನಮ್ಮಲ್ಲಿ ಮಾತ್ರ ಹಳದಿ ಚಿತ್ರಕ್ಕೆ, ಕೆಂಪು ಬಿಳಿ ದನಿಗೆ ಎಂದು ಬಾಯಿಪಾಠ ಮಾಡಿದೆವು. 2002ರಲ್ಲಿ ಏಳು ಕಂಪನಿಗಳು ಕೂಡಿ ಎಚ್‌ಡಿಎಂಐ ತಂದವು. ಚಿತ್ರ, ದನಿ ಎರಡಕ್ಕೂ ಒಂದೇ ತಂತಿ. ಒಂದು ರಿಮೋಟಿನಿಂದ ಎಲ್ಲವನ್ನೂ ಆಳುವ ಸಿಇಸಿ ಎಂಬ ಏರ್ಪಾಡೂ ಅದರಲ್ಲಿತ್ತು. ಆದರೆ ಅದನ್ನೇ ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಎಂದಿತು, ಎಲ್‌ಜಿ ಸಿಂಪ್‌ಲಿಂಕ್ ಎಂದಿತು, ಸೋನಿ ಬ್ರಾವಿಯಾ ಸಿಂಕ್ ಎಂದಿತು. ಒಂದೇ ಕೂಸಿಗೆ ಮನೆಗೊಂದು ಹೆಸರು! ಹೊಸಬರು ಗುರುತು ಹಿಡಿಯುವುದಾದರೂ ಹೇಗೆ?

ನನ್ನ ತೊಡಕಿನ ಮೂಲವೂ ಈ ಚರಿತ್ರೆಯಲ್ಲೇ ಇತ್ತು. ಆ ತಂತಿಯಲ್ಲಿ ದನಿ ಮೊದಲು ಟೀವಿಯ ಕಡೆಗಷ್ಟೇ ಹರಿಯುತ್ತಿತ್ತು. ಟೀವಿಯಿಂದ ಮರಳಿ ಸ್ಪೀಕರಿಗೆ ಹೋಗುವ ದಾರಿ ತೆರೆದದ್ದು 2009ರಲ್ಲಿ. ಅದಕ್ಕೆ ಎಆರ್‌ಸಿ ಎಂದು ಹೆಸರು. ಸಾಮಾನ್ಯವಾಗಿ ಟೀವಿಯ ಒಂದು ತೂತಿಗೆ ಮಾತ್ರ ಆ ದಾರಿಯಿರುತ್ತದೆ.

ಟಾರ್ಚು ಹಿಡಿದು ಟೀವಿಯ ಬೆನ್ನ ಹಿಂದೆ ಬಗ್ಗಿ ನೋಡಿದೆ. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು. ತಂತಿಯನ್ನು ಅಲ್ಲಿಗೆ ಬದಲಿಸಿದೆ. ಮೆನುವಿನಲ್ಲಿ ಸಿಇಸಿಯ ಆ ಬೇರೆ ಹೆಸರನ್ನು ಹುಡುಕಿ ಚಾಲೂ ಮಾಡಿದೆ.

ಯಂತ್ರ ಮಾತಾಡದಿದ್ದಾಗ ನಮಗೇ ಬುದ್ಧಿಯಿಲ್ಲ, ನಮಗೇ ವಯಸ್ಸಾಯಿತು ಎಂದು ಹೆಂಗಸರು ಸುಮ್ಮನಾಗುತ್ತೇವೆ. ತಪ್ಪು ಎಷ್ಟೋ ಸಲ ನಮ್ಮದಲ್ಲ. ಮಾಡಿದವರೇ ಒಬ್ಬರಿಗೊಬ್ಬರು ಹೊಂದಿಕೊಂಡಿರುವುದಿಲ್ಲ.

ವಾರ್ತೆ ಓದುವವಳ ದನಿ ಹಜಾರ ತುಂಬಿತು. ಕೋಣೆಯಿಂದ ಅಮ್ಮ ಕೂಗಿದರು: "ಯಾರೇ ಬಂದದ್ದು?"