ಮಗುವಿನ ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿ?

ನಮ್ಮ ತಣಿಸಂದ್ರದಲ್ಲಿ ಮಾನ್ಯತಾ ಟೆಕ್ ಪಾರ್ಕಿಗೆ ಕೆಲಸಕ್ಕೆ ಹೋಗುವವರ ಮನೆಗಳು ಬಹಳ. ಬೀರುವಿನಲ್ಲಿ ಒಡವೆಯ ಪಕ್ಕದಲ್ಲೇ ಪಾಸ್‌ಪೋರ್ಟ್ ಇಡುವ ಮನೆಗಳಿವು. ಗಂಡ ಹೆಂಡತಿ ಬೇರೆಯಾದಾಗ ಒಡವೆಯ ಲೆಕ್ಕ ಹೇಗೋ ಮುಗಿಯುತ್ತದೆ, ಮಗುವಿನ ಪಾಸ್‌ಪೋರ್ಟಿನದು ಮುಗಿಯುವುದಿಲ್ಲ. ಅಂಥ ಜಗಳಗಳ ಸುದ್ದಿ ಕೇಳಿ ಕೇಳಿ ನಾನು ಈ ಪುಟ್ಟ ಪುಸ್ತಕದ ಚರಿತ್ರೆಯನ್ನು ಓದತೊಡಗಿದೆ.

1967ರ ತನಕ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿಯಾಗಿತ್ತು. ಆ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದ ತೀರ್ಪು ಬಂತು: ವಿದೇಶ ಪ್ರಯಾಣವೂ ಸಂವಿಧಾನದ 21ನೇ ವಿಧಿಯ ಸ್ವಾತಂತ್ರ್ಯವೇ. ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂತು. ಆದರೆ ಮಗು ತನ್ನ ಹಕ್ಕಿಗೆ ತಾನೇ ಸಹಿ ಹಾಕಲಾರದು. ಅದರ ಪರವಾಗಿ ಹಾಕುವವರು ಯಾರು?

ಹಿಂದೂಗಳಿಗೆ 1956ರ ಕಾಯಿದೆ ಉತ್ತರ ಹೇಳಿತ್ತು: ತಂದೆ, ಅವನ ನಂತರ ತಾಯಿ. ಎಲ್ಲ ಗೋಜಲೂ ಆ 'ನಂತರ'ದಲ್ಲಿತ್ತು. ಮುಂದೆ ಕಾದಂಬರಿಗಾರ್ತಿಯಾಗಿ ಹೆಸರಾದ ಗೀತಾ ಹರಿಹರನ್ 1984ರಲ್ಲಿ ಮಗನ ಹೆಸರಿಗೆ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದರು. ಗಂಡ ಒಪ್ಪಿದ್ದರೂ ತಾಯಿಯ ಸಹಿ ಸಾಲದೆಂದರು. ವಂದನಾ ಶಿವ ಅವರ ಅರ್ಜಿಯೂ ಇದರ ಜೊತೆ ಸೇರಿತು. 1999ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್, 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದಲ್ಲ, ಅವನ ಗೈರುಹಾಜರಿಯಲ್ಲಿ ಎಂದಿತು. ಒಂದು ಪದದ ಅರ್ಥಕ್ಕಾಗಿ 14 ವರ್ಷ! ಆದರೂ ತಂದೆಯ ಮೊದಲ ಸ್ಥಾನ ಹಾಗೆಯೇ ಉಳಿಯಿತು. ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಇಡಬಹುದಿತ್ತು ಅನಿಸುತ್ತದೆ ನನಗೆ.

ಪಾಸ್‌ಪೋರ್ಟ್ ಕಚೇರಿಯ ನಮೂನೆಗಳು ಈ ವಿಷಯದಲ್ಲಿ ಸ್ವಲ್ಪ ಧಾರಾಳ. ತಂದೆ ತಾಯಿ ಇಬ್ಬರೂ ಒಪ್ಪಿದರೆ ಅನುಬಂಧ 'ಡಿ'. ಒಬ್ಬರ ಒಪ್ಪಿಗೆ ಸಿಗದಿದ್ದರೆ ಇನ್ನೊಬ್ಬರು ಕಾರಣ ಹೇಳಿ ಅನುಬಂಧ 'ಸಿ' ಕೊಡಬೇಕು. ಇದರಿಂದ ತಾಯಿಯ ಸಹಿಗೆ ಬೆಲೆ ಬಂದಿತು, ನಿಜ. ಆದರೆ ಮಕ್ಕಳ ಪಾಸ್‌ಪೋರ್ಟಿನ ಆಯುಸ್ಸು ಸಾಮಾನ್ಯವಾಗಿ 5 ವರ್ಷ. ಸಹಿ ಕೊಡದೆ ಸತಾಯಿಸಬೇಕೆಂದವರಿಗೆ ಪ್ರತಿ ನವೀಕರಣದಲ್ಲೂ ಹೊಸ ಅವಕಾಶ. ತಮಾಷೆಯೆಂದರೆ, ಕಾಯಿದೆಯ 17ನೇ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಅಪ್ಪನದೂ ಅಲ್ಲ, ಅಮ್ಮನದೂ ಅಲ್ಲ, ಕೇಂದ್ರ ಸರ್ಕಾರದ ಸ್ವತ್ತು.

ಕೈಯಲ್ಲಿ ಪಾಸ್‌ಪೋರ್ಟ್ ಇದ್ದು, ಮಗುವನ್ನು ಆಗಲೇ ಗಡಿ ದಾಟಿಸಿದ್ದರೆ? ಅಪಹೃತ ಮಕ್ಕಳನ್ನು ಹಿಂದಿರುಗಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರಲ್ಲೇ ಹೇಳಿತ್ತು. ಹಾಗಾಗಿ ಇಲ್ಲಿ ಪ್ರತಿ ಕುಟುಂಬವೂ ಹೇಬಿಯಸ್ ಕಾರ್ಪಸ್ ಹಿಡಿದು ಹೊಸದಾಗಿ ಕೋರ್ಟು ಹತ್ತುತ್ತದೆ. ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಪಾಸ್‌ಪೋರ್ಟ್ ಇದ್ದ ಹುಡುಗನೊಬ್ಬನನ್ನು 2020ರಲ್ಲಿ ತಾಯಿ ಬೆಂಗಳೂರಿಗೆ ಕರೆತಂದರು. ತಂದೆಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು. 2022ರ ಜುಲೈ 29ರಂದು ಸುಪ್ರೀಂ ಕೋರ್ಟ್ ಅವನು ಅಮೆರಿಕಕ್ಕೆ ಮರಳಬೇಕೆಂದಿತು. ಮಗುವಿನ ಇಷ್ಟ ಬೇರೆ, ಮಗುವಿನ ಹಿತ ಬೇರೆ ಎಂಬುದು ಅಲ್ಲಿ ಕೋರ್ಟು ಮಾಡಿದ ವಿಂಗಡಣೆ.